ಅಜ್ಜನ ಪುಸ್ತಕದಲ್ಲಿ ಟ್ರಿಬ್ಯುನಲ್ ಬರಬೇಕೇ?

ಪ್ರಶ್ನೆ: ಸರ್, ನಾನು ಉಡುಪಿಯವಳು. ಮಣಿಪಾಲದಲ್ಲಿ ಕೆಲಸ. ನನ್ನ ಅಮ್ಮನ ಅಪ್ಪ 1972ರಿಂದ 1977ರ ಕೊನೆಯವರೆಗೆ ಕರಾವಳಿಯ ಒಂದು ಕ್ಷೇತ್ರದ ಶಾಸಕರಾಗಿದ್ದರು. ಮುಂದಿನ ವರ್ಷಕ್ಕೆ ಅವರು ಹುಟ್ಟಿ ನೂರು ವರ್ಷ. ಮನೆಯವರು ಒಂದು ಪುಸ್ತಕ ತರಬೇಕು ಅಂತಿದ್ದಾರೆ. ಬರೆಯುವ ಕೆಲಸ ನನಗೆ ಬಂದಿದೆ. ದೊಡ್ಡಮಾವ ಹೇಳುವ ಪ್ರಕಾರ ಅಜ್ಜ 1967ರಲ್ಲಿ ಒಂದೇ ವೋಟಿನಲ್ಲಿ ಸೋತರು. ಆಮೇಲೆ ಗೆದ್ದಾಗ ಮುಖ್ಯಮಂತ್ರಿ ದೇವರಾಜ ಅರಸು ಕೊಟ್ಟ ಮಂತ್ರಿ ಪದವಿ ಬೇಡ ಎಂದರು. ಊರಿಗೆ ಸೇತುವೆ ಕಟ್ಟಿಸಿದರು. ಗುತ್ತಿನ, ಅಂದರೆ ಹಿರಿಯರ ಮನೆತನದ, ಭೂಮಿಯನ್ನೆಲ್ಲ ಒಕ್ಕಲುಗಳಿಗೆ ಬಿಟ್ಟುಕೊಟ್ಟರು. ಮೊನ್ನೆ ಊರಿಗೆ ಹೋದಾಗ ಒಬ್ಬ ಹಿರಿಯರು, "ನಿಮ್ಮ ಅಜ್ಜ ಟ್ರಿಬ್ಯುನಲ್‌ನಲ್ಲಿ ಕೂತಿದ್ದಾಗಲೇ ನಮ್ಮ ಜಾಗ ಹೋದದ್ದು" ಎಂದರು. ಮಾವನಿಗೆ ಹೇಳಿದೆ. "ಅದನ್ನೆಲ್ಲ ಬರೆಯಬೇಡ" ಎಂದರು. ಮಾವನ ಮಗ ಜಿಲ್ಲಾ ಪಂಚಾಯತ್‌ಗೆ ನಿಲ್ಲುವ ಯೋಚನೆಯಲ್ಲಿದ್ದಾನೆ. ಅಜ್ಜನನ್ನು ಸಣ್ಣವರನ್ನಾಗಿ ಮಾಡಲು ನನಗೆ ಇಷ್ಟವಿಲ್ಲ. ಸುಳ್ಳು ಬರೆಯಲೂ ಇಷ್ಟವಿಲ್ಲ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಪುಸ್ತಕದ ವಿಷಯ. ಆದರೆ ನಿಮ್ಮ ನಿಜವಾದ ಚಿಂತೆ ಆ ಹಿರಿಯರ ಒಂದು ಮಾತು, ಅಲ್ವಾ? ಆ ಮಾತು ನಿಜವಾದರೆ ಅಜ್ಜ ಏನಾಗುತ್ತಾರೆ ಎಂಬ ಹೆದರಿಕೆ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟೆ. ಅದರ ಜೊತೆಗೆ ಇಲ್ಲಿನ ಹಲವು ಮನೆಗಳಿಗೆ ಇಂಥ ಪುಸ್ತಕಗಳ ಕರಡು ನೋಡಿಕೊಟ್ಟಿದ್ದೇನೆ. ಹೆಚ್ಚಿನ ಮನೆಗಳಲ್ಲಿ ಇಂಥ ಒಂದು ಮಾತು ಇದ್ದೇ ಇರುತ್ತದೆ. ಅದನ್ನು ಬಿಟ್ಟ ಪುಸ್ತಕವನ್ನು ಊರಿನವರು ಕಪಾಟಿನಲ್ಲಿಡುತ್ತಾರೆ, ಓದುವುದಿಲ್ಲ.

ಟ್ರಿಬ್ಯುನಲ್, ಅಂದರೆ ಗೇಣಿ ಜಮೀನಿನ ಅರ್ಜಿಗಳನ್ನು ತೀರ್ಮಾನಿಸುತ್ತಿದ್ದ ಭೂನ್ಯಾಯಮಂಡಳಿ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಾವ ಹೇಳಿದ ನಾಲ್ಕು ಕಥೆಗಳನ್ನು ನೋಡೋಣ.

ಒಂದು ವೋಟಿನ ಸೋಲಿನ ಕಥೆ ಪರೀಕ್ಷಿಸುವುದು ತುಂಬ ಸುಲಭ. 1951-52ರ ಮೊದಲ ಚುನಾವಣೆಯಿಂದ ಇಲ್ಲಿಯವರೆಗೆ ಪ್ರತಿ ಕ್ಷೇತ್ರದಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬ ವರದಿ ಚುನಾವಣಾ ಆಯೋಗದ ಜಾಲತಾಣದಲ್ಲಿದೆ. ಹತ್ತು ನಿಮಿಷದ ಕೆಲಸ. ನಮ್ಮ ರಾಜ್ಯದ ವಿಧಾನಸಭೆಗೆ ಒಂದು ವೋಟಿನ ಸೋಲು ಎಂದರೆ ಎಲ್ಲರೂ ಹೇಳುವುದು 2004ರ ಸಂತೇಮರಹಳ್ಳಿ. ಅಲ್ಲಿ ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ನಿಮ್ಮ ಅಜ್ಜನ ಅಂತರ ಸಾವಿರಗಳಲ್ಲಿ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಮಾವ ಸುಳ್ಳು ಹೇಳಿದರು ಎಂದೂ ತಿಳಿಯಬೇಡಿ. ನನ್ನ ಅನುಭವದಲ್ಲಿ ಇಂಥ ಕಥೆಗಳು ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಜಾರುತ್ತವೆ. ಊರಿನ ಪಂಚಾಯತಿಯಲ್ಲೋ, ಸಹಕಾರಿ ಸಂಘದ ಆಡಳಿತ ಮಂಡಳಿಯಲ್ಲೋ ಒಂದು ವೋಟಿಗೆ ಸೋತಿರಬಹುದು. ಸಹಕಾರಿ ಸಂಘದ ಹಳೆಯ ನಡಾವಳಿ ಪುಸ್ತಕ ತೆಗೆಸಿ ನೋಡಿ. ಸಿಕ್ಕಿದರೆ ಅದು ವಿಧಾನಸಭೆಯ ಸೋಲಿಗಿಂತ ಚಂದದ ಕಥೆ. ಅವರು ಎಲ್ಲಿಂದ ಶುರು ಮಾಡಿದರು ಎಂದು ಗೊತ್ತಾಗುತ್ತದೆ. ಡಾ. ವಿ.ಎಸ್. ಆಚಾರ್ಯರು ಗೃಹಮಂತ್ರಿಯಾಗುವ ಎಷ್ಟೋ ವರ್ಷ ಮೊದಲು, 1968ರಲ್ಲಿ, ಉಡುಪಿ ಪುರಸಭೆಯ ಅಧ್ಯಕ್ಷರಾಗಿದ್ದರು. ಆಸ್ಕರ್ ಫೆರ್ನಾಂಡಿಸ್ ಕೂಡ ಪುರಸಭೆಯಿಂದಲೇ ಬಂದವರು. ಕೋಟ ಶ್ರೀನಿವಾಸ ಪೂಜಾರಿ ಗ್ರಾಮ ಪಂಚಾಯತ್ ಸದಸ್ಯರಾಗಿ ಆರಂಭಿಸಿದವರು. ಶಾಸಕರ ಜೀವನ ಬರೆಯುವವರು ವಿಧಾನಸೌಧದಿಂದ ಶುರು ಮಾಡಿಬಿಡುತ್ತಾರೆ. ಅದಕ್ಕಿಂತ ಮೊದಲಿನ ಹದಿನೈದು ವರ್ಷ ಕಾಣೆಯಾಗುತ್ತದೆ.

ಇಲ್ಲೊಂದು ವಿಷಯ ನೆನಪಿಡಿ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮದರಾಸಿಗೆ ಸೇರಿತ್ತು. ಅಜ್ಜ ಅದಕ್ಕಿಂತ ಮೊದಲೇ ಸಾರ್ವಜನಿಕ ಕೆಲಸದಲ್ಲಿದ್ದರೆ ಆ ಕಾಲದ ಸರ್ಕಾರಿ ಕಾಗದ ಬೆಂಗಳೂರಿನಲ್ಲಿ ಹುಡುಕಿದರೆ ಸಿಗದು. ಕ್ಷೇತ್ರದ ಹೆಸರಿನ ಬಗ್ಗೆಯೂ ಎಚ್ಚರ ಬೇಕು. ಸುರತ್ಕಲ್, ವಿಟ್ಲ, ಬ್ರಹ್ಮಾವರ ಎಂಬ ಕ್ಷೇತ್ರಗಳು 2008ರ ಮರುವಿಂಗಡಣೆಯಲ್ಲಿ ಹೋದವು. ಉಳ್ಳಾಲ ಕ್ಷೇತ್ರಕ್ಕೆ ಈಗ ಮಂಗಳೂರು ಎಂದು ಹೆಸರು. ಹಳೆಯ ಹೆಸರನ್ನು ಇಂದಿನ ಗಡಿಯಲ್ಲಿ ಇಟ್ಟು ಓದಿದರೆ ಅವರು ಓಡಾಡಿದ ಊರುಗಳೇ ತಪ್ಪಿಹೋಗುತ್ತವೆ.

ಫೋಟೋಗಳನ್ನೂ ಹೀಗೇ ನೋಡಿ. ಹಿಂದೆ ಬರೆದ ವರ್ಷವನ್ನು ಸುಮ್ನೆ ನಂಬಬೇಡಿ. ಬಾವುಟ, ಬ್ಯಾನರ್‌ನಲ್ಲಿರುವ ಚಿಹ್ನೆ ನೋಡಿ. ಕಾಂಗ್ರೆಸ್ಸಿಗೆ 1969ರ ಒಡಕಿನವರೆಗೆ ನೊಗ ಹೊತ್ತ ಜೋಡೆತ್ತು. ಆಮೇಲೆ ಇಂದಿರಾ ಕಾಂಗ್ರೆಸ್ಸಿಗೆ ದನ-ಕರು. ಕೈ ಚಿಹ್ನೆ ಬಂದದ್ದು 1978ರಲ್ಲಿ. ಜನಸಂಘಕ್ಕೆ ದೀಪ, ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ (ಪಿ.ಎಸ್.ಪಿ.) ಗುಡಿಸಲು, ಸ್ವತಂತ್ರ ಪಕ್ಷಕ್ಕೆ ನಕ್ಷತ್ರ. "1972ರ ವಿಜಯೋತ್ಸವ" ಎಂದು ಬರೆದ ಫೋಟೋದಲ್ಲಿ ಕೈ ಕಂಡರೆ ವರ್ಷ ತಪ್ಪು. ಎರಡು ಪುಸ್ತಕಗಳಲ್ಲಿ ಇದೇ ತಪ್ಪು ನನ್ನ ಕಣ್ಣಿಗೆ ಬಿದ್ದಿದೆ.

ಮಂತ್ರಿ ಪದವಿಯ ಮಾತು. ಇದಕ್ಕೆ ಸಾಕ್ಷಿ ಸಿಗುವುದು ಕಷ್ಟ. ಇಂಥ ಮಾತುಕತೆ ಬಾಯಲ್ಲಿ ಆಗುತ್ತದೆ, ಕಾಗದದಲ್ಲಿ ಅಲ್ಲ. ಸಂಪುಟ ವಿಸ್ತರಣೆಯ ವಾರದ ಪತ್ರಿಕೆಗಳನ್ನು ನೋಡಿ. 1970ರಿಂದ ಮಣಿಪಾಲದ ಉದಯವಾಣಿ ಇದೆ. ಅದಕ್ಕೂ ಹಿಂದಿನ ವರ್ಷಗಳಿಗೆ ಮಂಗಳೂರಿನ ನವಭಾರತ. ಅಜ್ಜನ ಹೆಸರು ಊಹೆಯ ಪಟ್ಟಿಯಲ್ಲಾದರೂ ಬಂದಿದ್ದರೆ ಅಷ್ಟನ್ನು ಬರೆಯಬಹುದು. ಇಲ್ಲದಿದ್ದರೆ "ಮನೆಯಲ್ಲಿ ಹೀಗೆ ಹೇಳುತ್ತಾರೆ" ಎಂದೇ ಬರೆಯಿರಿ. ಅದರಲ್ಲಿ ನಾಚಿಕೆ ಇಲ್ಲ. 1972ರಲ್ಲಿ ಕಾರ್ಕಳದಿಂದ ಮೊದಲ ಸಲ ಗೆದ್ದ ವೀರಪ್ಪ ಮೊಯಿಲಿ ಅದೇ ಅವಧಿಯಲ್ಲಿ ಮಂತ್ರಿಯಾದರು. ಹಾಗಾಗಿ ಹೊಸಬರಿಗೂ ಅವಕಾಶ ಇತ್ತು ಎಂಬುದು ನಿಜ. ನಿಮ್ಮ ಅಜ್ಜನಿಗೂ ಇತ್ತು ಎನ್ನಲು ಅದು ಸಾಕಾಗುವುದಿಲ್ಲ.

ಸೇತುವೆ. ಇದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಒಬ್ಬ ಹಿರಿಯ ಶಾಸಕರ ಸ್ಮರಣ ಸಂಚಿಕೆಗೆ ಲೇಖನ ಬರೆದಿದ್ದೆ. "ಸೇತುವೆ ಕಟ್ಟಿಸಿದರು" ಎಂದು ಮನೆಯವರು ಹೇಳಿದ್ದನ್ನು ಹಾಗೇ ಹಾಕಿದೆ. ಬಿಡುಗಡೆಯ ದಿನ ನಿವೃತ್ತ ಓವರ್‌ಸಿಯರ್ ಒಬ್ಬರು ಮೆಲ್ಲಗೆ ನನ್ನ ಹತ್ತಿರ ಬಂದರು. ಆ ಸೇತುವೆ ಮಂಜೂರಾದದ್ದು ಶಾಸಕರು ಗೆಲ್ಲುವ ಮೊದಲೇ, ಕೆಲಸ ನೋಡಿಕೊಂಡದ್ದು ತಾನೇ ಎಂದರು. ಆಗಲೇ ಅಚ್ಚಾಗಿತ್ತು. ಇವತ್ತಿಗೂ ಆ ಪುಟ ನೆನಪಾದರೆ ಮನಸ್ಸಿಗೆ ಕಿರಿಕಿರಿ.

ಆ ಕಾಲದ ಶಾಸಕರ ಕೈಯಲ್ಲಿ ದುಡ್ಡು ಇರಲಿಲ್ಲ. ಈಗಿನ ಹಾಗೆ ಶಾಸಕರ ನಿಧಿ ಎಂಬುದಿಲ್ಲ. ಸಂಸದರ ನಿಧಿಯೇ ಬಂದದ್ದು 1993ರ ಕೊನೆಯಲ್ಲಿ. ಸೇತುವೆ ಬೇಕೆಂದರೆ ಅರ್ಜಿ ಬರೆಯಬೇಕು, ಲೋಕೋಪಯೋಗಿ ಇಲಾಖೆಯ ಬಾಗಿಲಲ್ಲಿ ಕಾಯಬೇಕು, ಸದನದಲ್ಲಿ ಪ್ರಶ್ನೆ ಕೇಳಬೇಕು. ಹಾಸನದಿಂದ ಮಂಗಳೂರಿಗೆ ರೈಲು ಪೂರ್ತಿಯಾದದ್ದು 1979ರಲ್ಲಿ. ಅಲ್ಲಿಯವರೆಗೆ ರಾತ್ರಿ ಬಸ್ಸಿನಲ್ಲಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಶಾಸಕರ ಭವನದ ಕೋಣೆಯಲ್ಲಿ ಊರಿನ ಕಾಯಿಲೆಯವರು, ಕೆಲಸ ಹುಡುಕಿ ಬಂದ ಹುಡುಗರು ಚಾಪೆ ಹಾಸಿ ಮಲಗುತ್ತಿದ್ದರು. ಇದೆಲ್ಲ ಕೇಳಿ ಬರೆಯಿರಿ. ಸೇತುವೆ ಆಗುವ ಮೊದಲು ಆ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರ ಮನೆಯವರು ಇದ್ದರೆ ಅವರನ್ನೂ ಮಾತಾಡಿಸಿ. ವಿಧಾನಸಭೆಯ ನಡಾವಳಿ ಸಂಪುಟಗಳು ವಿಧಾನಸೌಧದ ಗ್ರಂಥಾಲಯದಲ್ಲಿವೆ. ಅಜ್ಜ ಕೇಳಿದ ಒಂದು ಚುಕ್ಕೆ ಗುರುತಿನ ಪ್ರಶ್ನೆ, "ಸದರಿ ಸೇತುವೆ ಯಾವಾಗ ಪೂರ್ಣವಾಗುತ್ತದೆ" ಎಂಬಂಥದ್ದು, ಸಿಕ್ಕಿದರೆ ಸಾಕು. "ಕಟ್ಟಿಸಿದರು" ಎಂಬ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಇನ್ನು ಭೂಮಿ. ನಿಮ್ಮ ಪುಸ್ತಕದ ಹೊಟ್ಟೆ ಇರುವುದು ಇಲ್ಲೇ. 1972ರಿಂದ 1977ರವರೆಗೆ ಕರಾವಳಿಯ ಒಬ್ಬ ಶಾಸಕರ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇರಲು ಸಾಧ್ಯವೇ ಇಲ್ಲ ಎಂದು ನನ್ನ ನಂಬಿಕೆ. ಅರಸು ಸಂಪುಟದಲ್ಲಿ ಭೂಸುಧಾರಣೆ ಖಾತೆ ನೋಡಿಕೊಂಡ ಬಿ. ಸುಬ್ಬಯ್ಯ ಶೆಟ್ಟರೂ ಇಲ್ಲಿಯವರೇ, ಸುರತ್ಕಲ್ ಕ್ಷೇತ್ರದವರು.

"ಭೂಮಿ ಬಿಟ್ಟುಕೊಟ್ಟರು" ಎಂಬ ಮಾತನ್ನು ನಾನು ಹತ್ತಾರು ಮನೆಗಳಲ್ಲಿ ಕೇಳಿದ್ದೇನೆ. ಕಾನೂನು ಹೇಳುವುದು ಬೇರೆ. 1961ರ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಅಂದಿನಿಂದ ಸರ್ಕಾರಕ್ಕೆ ಸೇರಿತು. ಒಕ್ಕಲು ಅರ್ಜಿ ಹಾಕಿದರೆ ಟ್ರಿಬ್ಯುನಲ್ ವಿಚಾರಣೆ ಮಾಡಿ ಅವರ ಹೆಸರಿಗೆ ಮಾಡಿಕೊಡುತ್ತಿತ್ತು. ಫಾರ್ಮ್ 7 ಎಂಬ ಆ ಅರ್ಜಿಗೇ ನಮ್ಮ ಕಡೆ "ಡಿಕ್ಲರೇಶನ್" ಎನ್ನುವುದು. ಅದನ್ನು ಕೊಡಲು ಕೊನೆಯ ದಿನ ಮುಂದೆ ಹೋಗುತ್ತಾ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಅಂದರೆ 1974ರ ನಂತರ ಧಣಿಗೆ ಬಿಟ್ಟುಕೊಡಲು ಉಳಿದದ್ದು ಏನೂ ಇಲ್ಲ.

ಹಾಗಾದರೆ ಅಜ್ಜನ ದೊಡ್ಡತನ ಸುಳ್ಳಾ? ಅವಸರ ಮಾಡಬೇಡಿ. ಧಣಿಗೆ ಒಂದು ದಾರಿ ಇತ್ತು. "ಇವನು ನನ್ನ ಗೇಣಿಯವನಲ್ಲ, ಕೂಲಿಯವನು" ಎನ್ನಬಹುದಿತ್ತು. ವರ್ಷದಿಂದ ವರ್ಷಕ್ಕೆ ಕೊಡುವ ಚಾಲಗೇಣಿಗೆ ಎಷ್ಟೋ ಕಡೆ ಚೀಟಿಯೇ ಇರಲಿಲ್ಲ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆದದ್ದಕ್ಕೆ ಬಾಯಿಮಾತೇ ಸಾಕ್ಷಿ. ಹಾಗೆ ಹೇಳಿ ವರ್ಷಗಟ್ಟಲೆ ಜಗ್ಗಿದವರು ಇದ್ದರು. ಇನ್ನು ಕೆಲವರು ಟ್ರಿಬ್ಯುನಲ್ ಎದುರು ನಿಂತು, "ಹೌದು, ಇವರು ನಮ್ಮ ಒಕ್ಕಲು, ನನ್ನ ತಕರಾರಿಲ್ಲ" ಎಂದು ಹೇಳಿಕೆ ಕೊಟ್ಟರು. ನಿಮ್ಮ ಅಜ್ಜ ಅಥವಾ ಅವರ ಮನೆಯವರು ಯಾವ ಹೇಳಿಕೆ ಕೊಟ್ಟರು ಎಂಬುದು ಕಡತದಲ್ಲಿ ಇರುತ್ತದೆ. ತಕರಾರಿಲ್ಲ ಎಂದಿದ್ದರೆ ಆ ಹಾಳೆಯ ಪ್ರತಿಯನ್ನು ಪುಸ್ತಕದ ಮೊದಲಿಗೇ ಹಾಕಿ. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಡ.

ಆದರೆ "ಗುತ್ತಿನ ಭೂಮಿ" ಎಂದು ಬರೆದಿದ್ದೀರಿ. ಅಲ್ಲಿ ನಿಲ್ಲಿ. ನಿಮ್ಮದು ಅಳಿಯಸಂತಾನದ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ, ಮನೆಯಾದರೆ ಗುತ್ತಿನ ಆಸ್ತಿ ಅಜ್ಜನದ್ದಲ್ಲ, ಅವರ ತಾಯಿಯ ಕುಟುಂಬದ್ದು. ಅಜ್ಜ ಯಜಮಾನರಾಗಿದ್ದಿರಬಹುದು, ಅಷ್ಟೇ. ಕುಟುಂಬದ ಆಸ್ತಿ ಪಾಲು ಮಾಡಿಕೊಳ್ಳಲು ದಾರಿಯಾದದ್ದು 1949ರ ಅಳಿಯಸಂತಾನ ಕಾಯ್ದೆಯಿಂದ. ನಿಮ್ಮ ಕುಟುಂಬದಲ್ಲಿ ಪಾಲಾಗಿತ್ತೇ? ಹೋದದ್ದು ಯಾರ ಪಾಲಿನದ್ದು? ಅಜ್ಜನ ಅಕ್ಕತಂಗಿಯರ ಪಾಲು ಹೋಗಿದ್ದರೆ, "ಅಜ್ಜ ಬಿಟ್ಟುಕೊಟ್ಟರು" ಎಂಬ ಸಾಲು ಓದಿ ಅವರ ಮೊಮ್ಮಕ್ಕಳಿಗೆ ಹೇಗನಿಸೀತು? ಇದರಲ್ಲಿ ಒಂದು ಲಾಭವೂ ಇದೆ. ಅಜ್ಜನ ಕಾಗದಪತ್ರ ನಿಮ್ಮ ಮಾವನ ಮನೆಯಲ್ಲಿ ಇಲ್ಲದಿದ್ದರೆ ಗುತ್ತಿನ ಮನೆಯಲ್ಲಿ ಕೇಳಿ. ಅಳಿಯಂದಿರ ಕಡೆಯವರ ಅಟ್ಟದಲ್ಲಿ ಒಂದು ಟ್ರಂಕ್ ಇರಬಹುದು. ಎರಡು ಸಲ ನನಗೆ ಹಾಗೆ ಸಿಕ್ಕಿದೆ.

ಈಗ ಆ ಹಿರಿಯರ ಮಾತು.

ಟ್ರಿಬ್ಯುನಲ್ ಎಂದರೆ ಒಬ್ಬರಲ್ಲ. ಅಸಿಸ್ಟೆಂಟ್ ಕಮಿಷನರ್ ಮಟ್ಟದ ಅಧಿಕಾರಿ ಅಧ್ಯಕ್ಷರು. ಅವರ ಜೊತೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಒಕ್ಕಲು, ಧಣಿ ನೇರ ಮಾತಾಡಬೇಕು. ಬಡವರಿಗೆ ಅನುಕೂಲವಾಗಲಿ ಎಂದು ಮಾಡಿದ್ದು. ಅದರಿಂದಲೇ ಎಷ್ಟೋ ಕಡತಗಳಲ್ಲಿ ಹೇಳಿಕೆಗಳು ಎರಡು ಸಾಲಿನವು. ತೀರ್ಪಿನ ಮೇಲೆ ಆಗ ಅಪೀಲಿಗೆ ಜಾಗ ಇರಲಿಲ್ಲ. ಒಪ್ಪದವರು ಹೈಕೋರ್ಟಿಗೆ ರಿಟ್ ಹಾಕಬೇಕಿತ್ತು. ಹಾಗೆ ಹೋದ ಬಹಳ ಕೇಸುಗಳನ್ನು ಹೈಕೋರ್ಟು ಮತ್ತೆ ಟ್ರಿಬ್ಯುನಲ್‌ಗೇ ವಾಪಸು ಕಳಿಸಿತು.

ಹಾಗಾಗಿ "ನಮ್ಮ ಜಾಗ ಹೋಯಿತು" ಎಂಬ ಮಾತಿಗೆ ಹಲವು ಅರ್ಥ ಇರಬಹುದು. ಮೊದಲು ಕೇಳಬೇಕಾದದ್ದು: ಅವರು ಒಕ್ಕಲಿನ ಕಡೆಯವರೋ, ಧಣಿಯ ಕಡೆಯವರೋ? ಇದನ್ನು ನೀವು ಬರೆದಿಲ್ಲ. ಬಹುಶಃ ಕೇಳಲೂ ಇಲ್ಲ. ಒಕ್ಕಲಿನ ಅರ್ಜಿ ತಿರಸ್ಕಾರವಾಗಿದ್ದರೆ ಅದು ಒಂದು ಕಥೆ. ಎರಡು ಎಕರೆ ಗೇಣಿಗೆ ಕೊಟ್ಟು, ಬಂದ ಅಕ್ಕಿಯಲ್ಲಿ ದಿನ ದೂಡುತ್ತಿದ್ದ ವಿಧವೆಯ ಮನೆಯಾಗಿದ್ದರೆ ಅದು ಬೇರೆಯೇ ಕಥೆ. ದೊಡ್ಡ ಧಣಿಗಳ ಜೊತೆ ಇಂಥ ಸಣ್ಣವರೂ ಕಳೆದುಕೊಂಡರು. ಅವರ ನೋವನ್ನು ನಾನು ತುಂಬ ಮನೆಗಳಲ್ಲಿ ಕೇಳಿದ್ದೇನೆ. ಉಳುವವನಿಗೆ ಭೂಮಿ ಸಿಕ್ಕಿದ್ದು ನಮ್ಮ ಜಿಲ್ಲೆಗೆ ಆದ ಬಹು ದೊಡ್ಡ ಒಳ್ಳೆಯದು ಎಂದೇ ನಾನು ತಿಳಿದವನು. ಆದರೂ ಆ ನೋವು ಸುಳ್ಳಲ್ಲ.

ಎರಡನೆಯದು ತಾರೀಕು. ತೀರ್ಪಾದ ದಿನ ಅಜ್ಜ ಸದಸ್ಯರಾಗಿದ್ದರೇ? ಆ ದಿನ ಹಾಜರಿದ್ದರೇ, ಸಹಿ ಇದೆಯೇ? ಕೇಸು ಹೈಕೋರ್ಟಿನಿಂದ ವಾಪಸು ಬಂದು, ಕೊನೆಯ ತೀರ್ಪು ಅಜ್ಜ ಶಾಸಕರಲ್ಲದ ಕಾಲದಲ್ಲಿ ಆಗಿರಬಹುದು. ಊರಿನ ನೆನಪಿನಲ್ಲಿ ಮಾತ್ರ ಹೆಸರು ಅಜ್ಜನದ್ದೇ ಉಳಿಯುತ್ತದೆ. ಐದು ಜನರಲ್ಲಿ ಊರಿಗೆ ಗೊತ್ತಿದ್ದ ಮುಖ ಅವರದ್ದು ತಾನೇ? ಅಥವಾ ಆ ಹಿರಿಯರು ಹೇಳಿದ್ದು ಪೂರ್ತಿ ಸರಿಯಿರಬಹುದು. ಅದಕ್ಕೂ ನೀವು ತಯಾರಿರಬೇಕು.

ಕಡತ ಸಿಗುವುದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಸರ್ವೆ ನಂಬರ್ ಬೇಕು. ಆ ಜಾಗದ ಈಗಿನ ಆರ್‌ಟಿಸಿ (ಪಹಣಿ) ತೆಗೆಸಿ. ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆಯ ದಾಖಲೆ, ಹಿಡಿದು ಹಿಂದೆ ಹೋದರೆ ಟ್ರಿಬ್ಯುನಲ್ ಆದೇಶದ ಉಲ್ಲೇಖ ಸಿಗುತ್ತದೆ. ಒಕ್ಕಲಿಗೆ ಹಕ್ಕು ಕೊಟ್ಟಿದ್ದರೆ ಫಾರ್ಮ್ 10 ಎಂಬ ಪತ್ರ ಇರುತ್ತದೆ. ನಕಲಿಗೆ ಅರ್ಜಿ ಕೊಡಿ. ಸುಮ್ನೆ ಓಡಾಡಿಸಿದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಕೆಲವು ಕಡತ ಗೆದ್ದಲು ತಿಂದಿರುತ್ತದೆ, ಮೊದಲೇ ಹೇಳುತ್ತೇನೆ.

ಅಜ್ಜ ಎಷ್ಟು ಸಿರಿವಂತರಾಗಿದ್ದರು, ಶಾಸಕರಾದ ಮೇಲೆ ಆಸ್ತಿ ಬೆಳೆಯಿತೇ ಎಂದೂ ಜನ ಕೇಳುತ್ತಾರೆ. ಆ ಕಾಲದ ಆಸ್ತಿ ಪ್ರಮಾಣಪತ್ರ ಹುಡುಕಬೇಡಿ. ಅಭ್ಯರ್ಥಿಗಳು ಆಸ್ತಿ, ಕ್ರಿಮಿನಲ್ ಕೇಸು ಬರೆದುಕೊಡುವ ಪದ್ಧತಿ ಬಂದದ್ದು 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ. ಪಕ್ಷ ಬದಲಿಸಿದ್ದರೆ ಅದನ್ನೂ ಇಂದಿನ ಕಣ್ಣಿನಲ್ಲಿ ನೋಡಬೇಡಿ. ಪಕ್ಷಾಂತರ ನಿಷೇಧ ಬಂದದ್ದು 1985ರಲ್ಲಿ. ತುರ್ತು ಪರಿಸ್ಥಿತಿಯ 21 ತಿಂಗಳನ್ನು ಮಾತ್ರ ಹಾರಿಸಬೇಡಿ. ಅವರು ಆಗ ಶಾಸಕರು. ಊರಿನಲ್ಲಿ ಯಾರನ್ನಾದರೂ ಹಿಡಿದುಕೊಂಡು ಹೋಗಿದ್ದರೆ ಅಜ್ಜ ಏನು ಮಾಡಿದರು ಎಂದು ಓದುವವರು ಕೇಳಿಯೇ ಕೇಳುತ್ತಾರೆ.

ಈಗ ನಿಮ್ಮ ಮುಂದಿರುವ ದಾರಿಗಳು. ಮಾವ ಹೇಳಿದ ಹಾಗೆ ಹೊಗಳಿಕೆಯ ಲೇಖನ ಸೇರಿಸಿ ಸ್ಮರಣ ಸಂಚಿಕೆ ತರಬಹುದು. ಮನೆಯಲ್ಲಿ ಜಗಳ ಇಲ್ಲ, ಕೆಲಸ ಬೇಗ ಮುಗಿಯುತ್ತದೆ. ಅಪಾಯ ಏನೆಂದರೆ ಆ ಹಿರಿಯರಂಥವರು ಊರಿನಲ್ಲಿ ಒಬ್ಬರೇ ಇರುವುದಿಲ್ಲ. ಚುನಾವಣೆಯ ಹೊತ್ತಿಗೆ ಬಂದ ಪುಸ್ತಕದಲ್ಲಿ ಅವರ ಮಾತು ಇಲ್ಲದಿದ್ದರೆ ಅದು ಬೇರೆ ದಾರಿಯಲ್ಲಿ ಹೊರಗೆ ಬರುತ್ತದೆ. ಆಗ ಉತ್ತರ ಹೇಳಬೇಕಾದವನು ಮಾವನ ಮಗ. ಇದನ್ನು ಮಾವನಿಗೆ ಮೆಲ್ಲಗೆ ಹೇಳಿ ನೋಡಿ. ಎಲ್ಲವನ್ನೂ ತಿಳಿದಷ್ಟು ಬರೆದು ಪೂರ್ಣ ಪುಸ್ತಕ ಮಾಡುವುದು ಇನ್ನೊಂದು. ಇದಕ್ಕೆ ಒಂದು ವರ್ಷ ಸಾಕಾಗದು. ಮನೆಯವರು ಸ್ವಲ್ಪ ದಿನ ಮುನಿಸಿಕೊಂಡಾರು. ಬೇರೆಯವರ ಬಗ್ಗೆ ಬರೆಯುವಾಗ ಕೈಯಲ್ಲಿ ಕಾಗದ ಇರಲಿ. ತೀರಿಹೋದವರ ಬಗ್ಗೆ ಮನೆಯವರ ಮನಸ್ಸು ನೋಯಿಸಲೆಂದೇ ಬರೆದರೂ ಮಾನಹಾನಿ ಆಗಬಹುದು ಎಂದು ಕಾನೂನು ಹೇಳುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ನೂರನೆಯ ಹುಟ್ಟುಹಬ್ಬಕ್ಕೆ ಫೋಟೋ ಮತ್ತು ಮನೆಯವರ ನೆನಪುಗಳ ತೆಳ್ಳಗಿನ ಪುಸ್ತಿಕೆ ಮಾತ್ರ ತರುತ್ತಿದ್ದೆ. ಅದರಲ್ಲಿ ಸೇತುವೆ ಕಟ್ಟಿಸಿದರು, ಭೂಮಿ ಬಿಟ್ಟುಕೊಟ್ಟರು ಎಂಬ ಎರಡು ಸಾಲು ಇರುತ್ತಿರಲಿಲ್ಲ. ದೊಡ್ಡ ಪುಸ್ತಕವನ್ನು ಚುನಾವಣೆ ಮುಗಿದ ಮೇಲೆ, ಟ್ರಿಬ್ಯುನಲ್ ಅಧ್ಯಾಯ ಸೇರಿಸಿಯೇ ತರುತ್ತಿದ್ದೆ. ಆ ಅಧ್ಯಾಯದಲ್ಲಿ ಹಿರಿಯರ ಮಾತು ಅವರದ್ದೇ ಬಾಯಿಯಲ್ಲಿ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಪಕ್ಕದಲ್ಲಿ ಕಡತ ಹೇಳುವುದು. ಎರಡೂ ಹೊಂದದಿದ್ದರೆ ಹೊಂದುವುದಿಲ್ಲ ಎಂದು ಬರೆದರಾಯಿತು.

ಕಡತ ಇನ್ನೂ ಹತ್ತು ವರ್ಷ ಕಾಯಬಹುದು. ಆ ಹಿರಿಯರ ವಯಸ್ಸು ಎಷ್ಟೆಂದು ನೀವು ಹೇಳಿಲ್ಲ, ಎಂಬತ್ತರ ಹತ್ತಿರ ಇರಬೇಕು. ಮಳೆಗಾಲ ಹಿಡಿಯುವ ಮೊದಲು ಒಂದು ಭಾನುವಾರ ಹೋಗಿ. ಪುಸ್ತಕದ ವಿಷಯ ಮೊದಲೇ ಹೇಳಿ, ಅವರು ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಜ್ಜನ ಪರವಾಗಿ ವಾದ ಮಾಡಬೇಡಿ. ಗದ್ದೆ ಎಲ್ಲಿತ್ತು, ಎಷ್ಟು ಮುಡಿ ಗೇಣಿ, ಯಾರು ಅಳೆಯುತ್ತಿದ್ದರು, ಟ್ರಿಬ್ಯುನಲ್‌ಗೆ ಎಷ್ಟು ಸಲ ನಡೆದರು ಎಂದು ಕೇಳಿ. ಎದ್ದು ಬರುವಾಗ ಸರ್ವೆ ನಂಬರ್ ಬರೆದುಕೊಳ್ಳಿ. ಮಾವ ಬರುತ್ತೇನೆಂದರೆ ಅವರನ್ನೂ ಕರೆದುಕೊಂಡು ಹೋಗಿ. ಕಡತದ ನಕಲು ಸಿಕ್ಕಿದ ಮೇಲೆ ನನಗೆ ಇನ್ನೊಮ್ಮೆ ಬರೆಯಿರಿ. ಆ ಕಾಲದ ಗುಮಾಸ್ತರ ಕೈಬರಹ ಓದಲು ಕಷ್ಟ, ನಾನು ಓದಿಕೊಡುತ್ತೇನೆ.